ಮಲಗಿಸಿಟ್ಟ ಕುರ್ಚಿ

ಕಣ್ಣು ಕಚೇರಿಯ ಮುಖ್ಯಸ್ಥರ ಕುರ್ಚಿಯನ್ನು ಮಗ್ಗುಲಾಗಿ ನೆಲದ ಮೇಲೆ ಮಲಗಿಸಿಟ್ಟಿದ್ದರು. ತಿರುಗುವ ಕುರ್ಚಿ, ಚಕ್ರಗಳೆಲ್ಲ ಗಾಳಿಯಲ್ಲಿ. ನಮ್ಮಲ್ಲಿ ಅರಸನ ಪೀಠ ಖಾಲಿಯಿದ್ದಾಗ ಅದನ್ನು ನೆಟ್ಟಗೆ ಬಿಡುವುದಿಲ್ಲ. ಅಲೆಯುತ್ತಿರುವ ಯಾವುದೋ ಆತ್ಮ ಬಂದು ಕೂತುಬಿಟ್ಟರೆ ಏಳಿಸುವುದು ಕಷ್ಟ. ಸರ್ಕಾರಿ ಕುರ್ಚಿಯ ಮೇಲೆ ಆತ್ಮಗಳಿಗೂ ಆಸೆ ಇರಬಹುದೆಂದು ಕಸ ಗುಡಿಸುವವಳಿಗೆ ಅನ್ನಿಸಿದೆ, ಯಾರೂ ಬೇಡವೆಂದಿಲ್ಲ.

"ಐದು ವರ್ಷದಿಂದ ಹೀಗೇ ಮಲಗಿದೆ" ಅಂದಳು ಜಿಫಾ. ದೂರುಗಳನ್ನು ತೆಗೆದುಕೊಳ್ಳುವ ಗುಮಾಸ್ತೆ ಅವಳು. "ಲಾರ್ಟೆ ಸಾಹೇಬ್ರು ನಿವೃತ್ತಿಯಾಗಿ ಎದ್ರು, ಇದು ಮಲಗ್ತು."

ಸರ್ಕಾರಿ ಅಧಿಕಾರಿಗಳು ಮಾಡುವ ಅನ್ಯಾಯದ ಮೇಲೆ ನಿಗಾ ಇಡುವುದು ಆ ಕಚೇರಿಯ ಕೆಲಸ. ಅದರ ನಿಜವಾದ ಹೆಸರು ಫಲಕದ ತುಂಬ ಇದೆ, ಯಾರೂ ಓದುವುದಿಲ್ಲ. ಫಲಕದ ಮೇಲೆ ದೊಡ್ಡದೊಂದು ಕಣ್ಣು ಬರೆದಿದ್ದಾರೆ. ಸಮುದ್ರದ ಉಪ್ಪುಗಾಳಿಗೆ ಕಣ್ಣಿನ ಪಾಪೆಯ ಬಣ್ಣ ಎದ್ದುಹೋಗಿ ಬಿಳಿ ಮಾತ್ರ ಉಳಿದಿದೆ. ಆಗಾಗ ಯಾರಾದರೂ ಮುದುಕಿ ಪೊರೆ ತೆಗೆಸಿಕೊಳ್ಳಲು ಬಂದು ಸಾಲಿನಲ್ಲಿ ಕೂರುವುದುಂಟು. ಅಕ್ರಾ ನಗರದಲ್ಲಿ ಇದಕ್ಕಿಂತ ನೆಮ್ಮದಿಯ ಸಾಲು ಇನ್ನೊಂದಿಲ್ಲ.

ನನ್ನನ್ನು ಅಲ್ಲಿಗೆ ಕಳಿಸಿದವರು ನಮ್ಮ ಸಂಪಾದಕರು, ಬ್ಲಾಂಕ್ಸನ್. "ಐದು ವರ್ಷ ತಲೆಯಿಲ್ಲದ ಕಚೇರಿ! ಇದರ ಹಿಂದೆ ಯಾರ ಕೈಯಿದೆ ಹುಡುಕು ಆಯಿಕ್ವೆ. ದೊಡ್ಡ ಕೈಯೇ ಇರ್ಬೇಕು. ಹುಡುಕಿದ ದಿನ ಸುದ್ದಿ ಸಂಪಾದಕನ ಕುರ್ಚಿ ನಿಂದು" ಎಂದಿದ್ದರು. ಆ ಕುರ್ಚಿಗೆ ಒಂದು ಕಾಲು ಗಿಡ್ಡ. ಆದರೂ ನಾನು ಬಹಳ ಕಾಲದಿಂದ ಅದನ್ನು ನೋಡುತ್ತಿದ್ದೆ.

"ಮೇಲಿನವರು ಯಾರ ಹೆಸರನ್ನೂ ಕಳಿಸ್ಲಿಲ್ವಾ?" ಎಂದು ಜಿಫಾಳನ್ನು ಕೇಳಿದೆ.

"ಕಳಿಸದೇ ಏನು? ಮೂರು ಸಲ ಕಳಿಸಿದ್ರು. ಹೆಸರು ಪ್ರಕಟ ಮಾಡಿ ಎರಡು ವಾರ ಕಾಯ್ಬೇಕು ಅಂತ ಕಾನೂನು. ಮೂರು ಸಲಾನೂ ಆ ಎರಡು ವಾರದೊಳಗೆ ಅವರ ಮೇಲೆ ದೂರು ಬಂತು."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಇಲ್ಲಿಗೇ. ಕಚೇರಿ ಇರೋದೇ ದೂರು ತಗೊಳ್ಳೋಕಲ್ವಾ?"

ಅವಳು ಕಾನೂನನ್ನು ಒಲೆ ಹಚ್ಚುವುದನ್ನು ಹೇಳಿಕೊಡುವಷ್ಟು ಸಲೀಸಾಗಿ ಹೇಳಿದಳು. ಈ ಕಚೇರಿಯಲ್ಲಿ ಯಾರ ಮೇಲೆ ದೂರು ಬಾಕಿ ಇದೆಯೋ ಅವರು ಈ ಕಚೇರಿಯ ಮುಖ್ಯಸ್ಥರಾಗುವಂತಿಲ್ಲ. ದೂರನ್ನು ಗುಮಾಸ್ತೆ ತೆಗೆದುಕೊಳ್ಳಬಹುದು, ತೀರ್ಮಾನ ಮಾಡಬೇಕಾದವರು ಮುಖ್ಯಸ್ಥರು. ಮುಖ್ಯಸ್ಥರಿಲ್ಲ. ಹಂಗಾಮಿಯಾಗಿ ಇರುವವರು ಚಹಾಪುಡಿಗೆ, ಪೆಟ್ರೋಲಿಗೆ ಸಹಿ ಹಾಕಬಹುದು, ಅಷ್ಟೇ.

"ಅಂದ್ರೆ ಒಂದೇ ಒಂದು ದೂರು ಬಿದ್ರೆ ಆ ಮನುಷ್ಯ ಯಾವತ್ತಿಗೂ..."

"ಹೂಂ. ಬೀಗದ ಕೈ ಪೆಟ್ಟಿಗೆಯೊಳಗೇ ಇದೆ, ಚಾಲೆ."

ಚಾಲೆ ಎಂದರೆ ಗೆಳೆಯ. ನಮ್ಮೂರಲ್ಲಿ ಪೊಲೀಸಿನವನು ಲಂಚ ಕೇಳುವಾಗಲೂ ಚಾಲೆ ಎನ್ನುತ್ತಾನೆ.

"ಸುಳ್ಳು ದೂರುಗಳೇನು?"

"ಅದೇ ನೋಡಿ ಕಷ್ಟ. ಮೂರೂ ನಿಜ. ಕಾನೂನಿನ ಪ್ರಕಾರ ನಾನು ಹೇಳ್ಬಾರ್ದು. ನಾನು ಹೇಳಿಲ್ಲ ಅಂತ ಬರ್ಕೊಳಿ." ಹಾಗೆಂದು ಎಲ್ಲವನ್ನೂ ಹೇಳಿದಳು. ಮೊದಲನೆಯವರು ನ್ಯಾಯಾಧೀಶರು, ಸಾರ್ವಜನಿಕ ಚರಂಡಿಯ ಮೇಲೆ ತಮ್ಮ ಕಾಂಪೌಂಡ್ ಗೋಡೆ ಎಬ್ಬಿಸಿದ್ದರು. ಎರಡನೆಯವರು ಪ್ರೊಫೆಸರ್, ಅತ್ತೆಯ ಶವಸಂಸ್ಕಾರಕ್ಕೆ ವಿಶ್ವವಿದ್ಯಾಲಯದ ಬಸ್ಸುಗಳಲ್ಲಿ ನೆಂಟರನ್ನು ತುಂಬಿಸಿಕೊಂಡು ಹೋಗಿದ್ದರು, ಬಸ್ಸಿನ ಮುಂದೆ ಅತ್ತೆಯ ಫೋಟೊ ಕಟ್ಟಿ. ಮೂರನೆಯವರು ರಾಯಭಾರಿಯಾಗಿದ್ದವರು; ಇಲಾಖೆಯ ಜನರೇಟರ್ ಅವರ ಮನೆಯ ಹಿತ್ತಿಲಲ್ಲಿ ಗುಡುಗುತ್ತಿತ್ತು.

"ದೂರು ಕೊಟ್ಟೋರು ಯಾರು?"

"ಅದನ್ನ ಮಾತ್ರ ತಲೆ ಹೋದ್ರೂ ಹೇಳಲ್ಲ. ಅವರು ಒಳ್ಳೇವ್ರು. ಯಾವಾಗ ಬಂದ್ರೂ ಮಂಗಳವಾರವೇ ಬರೋದು, ತಿಂಡಿ ಹೊತ್ತಿಗೆ; ದೂರಿಲ್ದಿದ್ರೂ ನಿನ್ನೆ ಬಂದಿದ್ರು. ಬರಿಗೈಲಿ ಬರಲ್ಲ." ಅವಳ ಕಣ್ಣು ತಾನಾಗಿ ಮೇಜಿನ ಮೂಲೆಗೆ ಹೋಯಿತು. "ಲಂಚ ಅನ್ಕೋಬೇಡಿ. ಕೊಡದಿದ್ರೂ ದೂರು ತಗೊಳ್ತಿದ್ದೆ."

ಮೇಜಿನ ಮೂಲೆಯಲ್ಲಿ ಎರಡು ಕೆಂಕೆ ಇದ್ದವು. ಹುಳಿ ಬರಿಸಿದ ಮುಸುಕಿನ ಜೋಳದ ಹಿಟ್ಟಿನ ಉಂಡೆ, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ್ದು. ನಮಗೆ ಅನ್ನವೂ ಅದೇ, ರೊಟ್ಟಿಯೂ ಅದೇ. ಊರಿನ ಅರ್ಧ ಜನ ಅದನ್ನು ಕಟ್ಟುತ್ತಾರೆ, ಉಳಿದರ್ಧ ತಿನ್ನುತ್ತಾರೆ. ದಾರ ಹಾಕುವುದಿಲ್ಲ. ಸಿಪ್ಪೆಯ ತುದಿಯನ್ನು ತಿರುಚಿ ಒಳಗೆ ಸಿಕ್ಕಿಸಬೇಕು, ಆ ಸಿಕ್ಕಿಸುವ ರೀತಿ ಮನೆಯಿಂದ ಮನೆಗೆ ಬೇರೆ. ಈ ಎರಡರಲ್ಲೂ ತುದಿಯನ್ನು ಮೂರು ಮಡಿಕೆ ಮಾಡಿ, ಹೆಬ್ಬೆರಳಲ್ಲಿ ಒಂದು ಗುಳಿ ಒತ್ತಿ ಸಿಕ್ಕಿಸಿದ್ದರು.

ಆ ಗುಳಿಯಲ್ಲಿ ನನ್ನ ಹೆಬ್ಬೆರಳು ಇಟ್ಟರೆ ಸರಿಯಾಗಿ ಕೂರುತ್ತದೆ. ಶಾಲೆಗೆ ಹೋಗುವ ಮೊದಲು ದಿನಾ ಬೆಳಿಗ್ಗೆ ನಾನು ಹಾಗೆಯೇ ಕಟ್ಟುತ್ತಿದ್ದೆ. ನನ್ನನ್ನು ಸಾಕಿದ ದೊಡ್ಡಮ್ಮ ಕೊಶಿ ಕಲಿಸಿದ ಕಟ್ಟು ಅದು.

ಮಂಗಳವಾರ ಯಾಕೆ ಎಂಬುದನ್ನು ಮತ್ತೆ ಯಾರನ್ನೂ ಕೇಳಬೇಕಿರಲಿಲ್ಲ. ಮಂಗಳವಾರ ಸಮುದ್ರ ದೇವರ ದಿನ, ನಮ್ಮ ಬೆಸ್ತರು ದೋಣಿ ಇಳಿಸುವುದಿಲ್ಲ. ಅವತ್ತು ಮೀನು ಮಾರುವ ಹೆಂಗಸರಿಗೆ ಬಿಡುವು, ಮೀನಿನ ಜೊತೆ ತಿನ್ನುವ ಕೆಂಕೆ ಮಾರುವವರಿಗೂ.

*

ಸಮುದ್ರದ ಪಕ್ಕದ 'ದಡದ ಗೋಡೆ' ಮಾರುಕಟ್ಟೆಯಲ್ಲಿ ಒಂದೊಂದು ಸರಕಿಗೆ ಒಬ್ಬೊಬ್ಬಳು ರಾಣಿ. ಟೊಮೆಟೊಗೆ ಒಬ್ಬಳು, ಈರುಳ್ಳಿಗೆ ಒಬ್ಬಳು, ಹಳೇ ಬಟ್ಟೆಗೆ ಒಬ್ಬಳು. ದರ ಕಟ್ಟುವುದು, ಜಗಳ ಬಿಡಿಸುವುದು, ಹೆಣ ಎತ್ತಿಸುವುದು ಎಲ್ಲ ಅವರೇ. ನಮ್ಮ ದೊಡ್ಡಮ್ಮ ಕೆಂಕೆ ರಾಣಿ. ಅವಳ ಪಕ್ಕದ ಛಾವಣಿಯಲ್ಲಿ ಹೊಗೆ ಹಾಕಿದ ಮೀನಿನ ರಾಣಿ ಡೆಡೆ. ನಾನು ಹೋದಾಗ ಇಬ್ಬರೂ ಹಬೆಯಲ್ಲಿ ಅರ್ಧ ಮುಳುಗಿದ್ದರು.

"ಬಂದ್ಯಾ ಪೇಪರ್ ಸಾಹೇಬ? ಕೈ ತೊಳ್ಕೊಂಡು ಕೂತ್ಕೊ" ಅಂದಳು ದೊಡ್ಡಮ್ಮ. "ಬರೆದು ಬರೆದು ಸೋಮಾರಿ ಆಗಿರೋ ಕೈ, ನಾಲ್ಕು ಕಟ್ಟಲಿ."

ನೆನೆಹಾಕಿದ ಸಿಪ್ಪೆ ಎತ್ತಿಕೊಂಡು ಕೂತೆ. ಉಂಡೆ ಇಟ್ಟು, ಸುತ್ತಿ, ಮೂರು ಮಡಿಕೆ ಮಾಡಿ, ಗುಳಿ ಒತ್ತಿದೆ. "ದೊಡ್ಡಮ್ಮ, ಮಂಗಳವಾರ ನೀನು ಎಲ್ಲಿಗೆ ಹೋಗ್ತೀಯ?"

ಡೆಡೆ ಮೀನಿನ ತಟ್ಟೆಯನ್ನು ಧಡ್ ಎಂದು ಕೆಳಗಿಟ್ಟಳು. "ನೋಡು! ಬಡ್ಕೊಂಡೆ ನಾನು, ಅಲ್ಲಿಗೆ ಕೆಂಕೆ ತಗೊಂಡ್ಹೋಗ್ಬೇಡ ಕಣೇ ಅಂತ. ಹೆಸರು ಮುಚ್ಚಿಟ್ಟು ಕೈಬರಹ ಕೊಟ್ಟು ಬಂದಂಗಾಯ್ತು."

"ಒಬ್ಬರ ಬಾಗಿಲಿಗೆ ಬರಿಗೈಲಿ ಹೋಗೋದಾ? ನಮ್ಮಮ್ಮ ನನಗೆ ಅದನ್ನ ಕಲಿಸಿಲ್ಲ" ಅಂದಳು ದೊಡ್ಡಮ್ಮ. ನನ್ನ ಕಡೆ ತಿರುಗಿದಳು. "ಹೌದು ಕಣೋ, ನಾವೇ. ಈಗೇನು?"

ಅವಳು ಸುಳ್ಳು ಹೇಳುವಳೆಂದು ನಾನು ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಮಸೆದುಕೊಂಡು ಬಂದಿದ್ದೆ. ಮಸೆದದ್ದೆಲ್ಲ ದಂಡವಾಯಿತು.

ಕಥೆ ಇಷ್ಟು. ಮಾರುಕಟ್ಟೆಯ ಜಾಗವನ್ನು ಮಂತ್ರಿಯೊಬ್ಬರ ಬಾಮೈದನ ಕಂಪನಿಗೆ ಕೊಟ್ಟಿದ್ದರು, ಮಾಲ್ ಕಟ್ಟಲು. ಹೆಂಗಸರು ಕಣ್ಣು ಕಚೇರಿಗೆ ದೂರು ಕೊಟ್ಟರು. ದೂರು ತೀರ್ಮಾನವಾಗುವವರೆಗೆ ಜಾಗದ ಮೇಲೆ ಯಾರೂ ಕೈ ಹಾಕುವಂತಿಲ್ಲ. ಅಷ್ಟರಲ್ಲಿ ಆ ಕಚೇರಿಯ ಮುಖ್ಯಸ್ಥ ಲಾರ್ಟೆ ನಿವೃತ್ತರಾದರು.

"ಕಡೇ ದಿನ ಇಲ್ಲೇ ಕೂತು ಮೀನು ತಿನ್ತಾ ನಕ್ಕಿದ್ದೇ ನಕ್ಕಿದ್ದು ಆ ಮುದುಕ" ಅಂದಳು ದೊಡ್ಡಮ್ಮ. "'ಕೊಶಿ, ಆ ಕಾನೂನು ಬರೆದಿದ್ದು ನಾನೇ ಕಣಮ್ಮ. ನನ್ನ ಜಾಗಕ್ಕೆ ಬರೋರ ಮೇಲೆ ಒಂದು ದೂರು ಬಿದ್ರೆ ಮುಗೀತು, ದೇವರೇ ಬಂದ್ರೂ ಕೂರೋಕಾಗಲ್ಲ' ಅಂದ. ತಮಾಷೆಗೆ ಹೇಳಿದ. ನಾವು ನಗ್ಲಿಲ್ಲ."

"ಮುಂದಿನ ಮುಖ್ಯಸ್ಥರು ನಿಮ್ಮ ಪರವಾಗೇ ತೀರ್ಮಾನ ಮಾಡ್ಬಹುದಲ್ಲ?"

ಇಬ್ಬರೂ ನನ್ನನ್ನು ನೋಡಿದ ರೀತಿಯಲ್ಲಿ ಮರುಕವಿತ್ತು. "ಇವನನ್ನ ಓದಿಸಿದ್ದು ನೀನೇ ತಾನೆ?" ಎಂದು ಡೆಡೆ ದೊಡ್ಡಮ್ಮನನ್ನು ಕೇಳಿದಳು.

"ಆ ದೊಡ್ಡ ಮನುಷ್ಯರ ವಿಷಯವೆಲ್ಲ ನಿಮಗೆ ಹೇಗೆ ಗೊತ್ತಾಯ್ತು?"

"ನಮಗೇನು ಗೊತ್ತು?" ಅಂದಳು ದೊಡ್ಡಮ್ಮ. "ಅವರ ಡ್ರೈವರ್‌ಗಳಿಗೆ ಹಸಿವಾಗುತ್ತೆ. ಅವರ ಅಡುಗೆಯವಳು ಟೊಮೆಟೊ ಕೊಳ್ತಾಳೆ. ಜನರೇಟರ್ ಸದ್ದಿಗೆ ನಿದ್ದೆಯಿಲ್ಲ ಅಂತ ಪಕ್ಕದ ಮನೆ ಕೆಲಸದವಳು ಈರುಳ್ಳಿ ಆರಿಸ್ತಾ ಗೊಣಗ್ತಾಳೆ. ನಾವು ಕೇಳಿಸ್ಕೊಳ್ತೀವಿ. ಒಂದೂ ಸುಳ್ಳು ಬರೆಸಿಲ್ಲ ಮಗಾ. ಬೇಕೇ ಆಗ್ಲಿಲ್ಲ."

"ಆದ್ರೂ ಇದು ತಪ್ಪಲ್ವಾ? ದೇಶಕ್ಕೆ ಬೇಕಾದ ಕಚೇರಿ. ಐದು ವರ್ಷ ಖಾಲಿ..."

"ಖಾಲಿ ಇಡೋದು ಅಂದ್ರೇನು ಅಂತ ನನಗೆ ಹೇಳ್ಕೊಡ್ತೀಯಾ? ಈರುಳ್ಳಿ ರಾಣಿ ಸತ್ತಾಗ ಹೆಣ ಮಣ್ಣಿಗೆ ಹೋಗೋ ಮುಂಚೆ ಹೊಸಬಳು ತಕ್ಕಡಿ ಹಿಡಿದಿದ್ಳು. ಕುರ್ಚಿ ಖಾಲಿ ಬಿಟ್ರೆ ಏನಾಗುತ್ತೆ ಅಂತ ಗೊತ್ತಿದ್ದೇ ಬಿಟ್ಟಿದೀವಿ." ದೊಡ್ಡಮ್ಮ ನಾನು ಕಟ್ಟಿದ ಒಂದನ್ನು ಎತ್ತಿ ನೋಡಿ, ಸಡಿಲವಾಗಿದೆಯೆಂದು ಬಿಚ್ಚಿ ಮತ್ತೆ ಕಟ್ಟಿದಳು. "ಬರೆಯೋದಾದ್ರೆ ಬರಿ. ಇಲ್ಲಿರೋ ಮುನ್ನೂರು ಜನ ಹೆಂಗಸರು ಏನ್ಮಾಡ್ಬೇಕು ಅನ್ನೋದನ್ನೂ ಕೆಳಗೆ ಬರಿ. ನಿಂಗೆ ತಿಳಿದಿರುತ್ತೆ, ಓದಿದೀಯ."

*

ನಾನು ಬರೆದೆ. ಕಾನೂನಿನ ತೂತು, ಚರಂಡಿ, ಬಸ್ಸು, ಜನರೇಟರ್, ಮಲಗಿಸಿಟ್ಟ ಕುರ್ಚಿಯ ಫೋಟೊ. ಹೆಂಗಸರನ್ನು ಬರೆಯಲಿಲ್ಲ. ಅವರು ಇರಬೇಕಾದ ಜಾಗದಲ್ಲಿ 'ಕಾಣದ ಶಕ್ತಿಗಳು' ಎಂದು ಹಾಕಿದೆ. ಪತ್ರಿಕಾ ಭಾಷೆಯಲ್ಲಿ ಅದರರ್ಥ ಬರೆದವನಿಗೆ ಗೊತ್ತಿಲ್ಲ ಎಂದು. ಗೊತ್ತಿದ್ದವನು ಅದನ್ನು ಬಳಸಬಾರದೆಂದು ಎಲ್ಲೂ ನಿಯಮವಿಲ್ಲ.

ವರದಿ ಬೆಂಕಿಯಂತೆ ಹಬ್ಬಿತು. ವಿರೋಧ ಪಕ್ಷದವರು ಕಾಣದ ಶಕ್ತಿಯೆಂದರೆ ಸರ್ಕಾರ ಎಂದರು. ಸರ್ಕಾರದವರು ವಿರೋಧ ಪಕ್ಷ ಎಂದರು. ಕಾನೂನನ್ನೇ ತಿದ್ದಬಹುದಲ್ಲ ಎಂದು ಯಾರೋ ರೇಡಿಯೊದಲ್ಲಿ ಕೇಳಿದರು. ತಿದ್ದಬೇಕಾದರೆ ಬಾಕಿಯಿರುವ ದೂರುಗಳ ಪಟ್ಟಿಯನ್ನು ಸಂಸತ್ತಿನಲ್ಲಿ ಓದಬೇಕಾಗುತ್ತದೆ ಎಂದು ಗೊತ್ತಾದ ಮೇಲೆ ಎರಡೂ ಪಕ್ಷದವರು ಕಾನೂನು ಬಹಳ ಚೆನ್ನಾಗಿದೆ ಎಂದು ಒಪ್ಪಿಕೊಂಡರು. ಪಾದ್ರಿಯೊಬ್ಬರು ಕಾಣದ ಶಕ್ತಿಗಳ ವಿರುದ್ಧ ಉಪವಾಸ ಪ್ರಾರ್ಥನೆ ಇಟ್ಟುಕೊಂಡರು. ದೊಡ್ಡಮ್ಮ ಅದಕ್ಕೂ ಹೋಗಿ ಬಂದಳು.

ಕೊನೆಗೆ ಮೇಲಿನವರಿಗೆ ಒಂದು ಉಪಾಯ ಹೊಳೆಯಿತು. ಇಷ್ಟೆಲ್ಲ ಸದ್ದು ಮಾಡಿದ ಪತ್ರಿಕೆಯ ಸಂಪಾದಕರನ್ನೇ ಆ ಕುರ್ಚಿಗೆ ಕರೆದರೆ?

ಬ್ಲಾಂಕ್ಸನ್ ಅವರ ಹೆಸರು ಪ್ರಕಟವಾದ ದಿನ ನಮ್ಮ ಪತ್ರಿಕಾ ಕಚೇರಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ನನ್ನನ್ನು ಒಳಗೆ ಕರೆದರು. "ಸುದ್ದಿ ಸಂಪಾದಕನ ಕುರ್ಚಿ ಮರೆತುಬಿಡು."

"ಯಾಕೆ ಸಾರ್?"

"ಈ ಕುರ್ಚಿಗೇ ನಿನ್ನ ಹೆಸರು ಹೇಳಿದೀನಿ. ನಾನು ಎದ್ದ ತಕ್ಷಣ ನೀನು ಕೂರು." ಅವರು ತಮ್ಮ ಕುರ್ಚಿಯ ತೋಳನ್ನು ತಟ್ಟಿದರು. ಅದಕ್ಕೆ ನಾಲ್ಕು ಕಾಲೂ ಸಮ. "ನೋಡ್ತಿರು, ಹಳೇ ದೂರುಗಳನ್ನೆಲ್ಲ ಒಂದೇ ವಾರದಲ್ಲಿ ಚೊಕ್ಕ ಮಾಡ್ತೀನಿ. ಮೊದಲು ಆ ಮಾರುಕಟ್ಟೆ ದೂರು. ಐದು ವರ್ಷ ಅಂದ್ರೆ ನಾಚಿಕೆಗೇಡು! ಊರಿಗೊಂದು ಮಾಲ್ ಬೇಡ್ವೇನಯ್ಯಾ? ಕಾರು ನಿಲ್ಲಿಸೋಕಾದ್ರೂ ಜಾಗ ಆಗುತ್ತೆ. ನಿಮ್ಮ ಗಾ ಜನರ ಆ ಹುಳಿ ಕಲ್ಲನ್ನ ಅಲ್ಲೂ ಮಾರ್ಕೊಳ್ಳಲಿ, ಗಾಜಿನ ಪೆಟ್ಟಿಗೇಲಿಟ್ಟು."

ಬ್ಲಾಂಕ್ಸನ್ ಫಾಂಟಿ ಜನಾಂಗದವರು, ನಾವು ಗಾ ಜನ. ಅವರ ಕಡೆ ಕೆಂಕೆಯನ್ನು ಬಾಳೆಯೆಲೆಯಲ್ಲಿ ಸುತ್ತುತ್ತಾರೆ, ಅದಕ್ಕೆ ಉಪ್ಪೂ ಹಾಕುವುದಿಲ್ಲ. ಒಂದೇ ಹಿಟ್ಟಿನ ಮೇಲೆ ಎರಡು ಜನಾಂಗಗಳು ಇಷ್ಟು ಶತಮಾನ ಒಂದನ್ನೊಂದು ನೋಡಿ ನಕ್ಕುಕೊಂಡು ಬಂದಿವೆ.

*

ಮಾರುಕಟ್ಟೆಯಲ್ಲಿ ಆ ಸಂಜೆ ರಾಣಿಯರೆಲ್ಲ ಸೇರಿದ್ದರು. ಯಾರೂ ನಗುತ್ತಿರಲಿಲ್ಲ. ನಾನು ಹೋದ ಕೂಡಲೇ ದೊಡ್ಡಮ್ಮ ಸ್ಟೂಲು ತಳ್ಳಿದಳು.

"ನಿಮ್ಮ ಯಜಮಾನನದ್ದು ಒಂದು ತಪ್ಪೂ ಸಿಗ್ತಿಲ್ಲ ಕಣೋ. ಅಡುಗೆಯವನು ಅವರೂರಿಂದ ಬಂದೋನು, ತರಕಾರಿನೂ ಅಲ್ಲಿಂದಲೇ ತರಿಸ್ತಾನೆ. ಡ್ರೈವರ್ ಇಲ್ಲ, ತಾನೇ ಗಾಡಿ ಓಡಿಸ್ತಾನೆ. ಹಳೇ ಬಟ್ಟೆ ಮಾರಲ್ಲ, ಕೊಳ್ಳಲ್ಲ. ಇಂಥ ಮನುಷ್ಯನನ್ನ ನಾನು ಕಂಡೇ ಇಲ್ಲ."

"ಏನಾದ್ರೂ ಒಂದು ಹೆಣೆದು ಬರೆಸಿದ್ರೆ ಆಯ್ತಪ್ಪ" ಅಂದಳು ಡೆಡೆ. "ಯಾವನು ಪರೀಕ್ಷೆ ಮಾಡ್ತಾನೆ?"

"ಬೇಡ. ಸುಳ್ಳು ಬರೆಸಿದ ದಿನ ನಾವೂ ಆ ಬಾಮೈದನೂ ಒಂದೇ" ಅಂದಳು ದೊಡ್ಡಮ್ಮ. ಆಮೇಲೆ ನನ್ನನ್ನು ನೋಡಲಿಲ್ಲ. ಪಾತ್ರೆಯ ತಳ ಕೆರೆಯತೊಡಗಿದಳು. ಕೇಳುವುದಕ್ಕಿಂತ ಅದು ಜೋರಾಗಿತ್ತು.

ನನಗೆ ಗೊತ್ತಿತ್ತು. ಬಾಡಿಗೆ ಮನೆ ಸಿಗದೆ ಅಲೆಯುತ್ತಿದ್ದಾಗ ಕೆಲವು ತಿಂಗಳು ನಾನು ಬ್ಲಾಂಕ್ಸನ್ ಅವರ ಹಿಂಬದಿಯ ಕೋಣೆಯಲ್ಲಿದ್ದೆ. ಆ ಬಡಾವಣೆಯ ಎಲ್ಲ ಮನೆಗಳೂ ಟ್ಯಾಂಕರ್ ಕಾಯುತ್ತ ಬಕೆಟ್ ಸಾಲು ಹಚ್ಚುವಾಗ ಅವರ ನಲ್ಲಿಯಲ್ಲಿ ಮಾತ್ರ ನೀರು ಧುಮುಕುತ್ತಿತ್ತು. ಹುಲ್ಲುಹಾಸಿಗೆ ಎರಡು ಹೊತ್ತು ನೀರು. ಗೋಡೆಯ ಆಚೆ ಅಗ್ನಿಶಾಮಕ ಠಾಣೆ. ಬೆಂಕಿ ಆರಿಸಲೆಂದು ಹಾಕಿದ ಕೊಳವೆಯಿಂದ ನೆಲದಡಿಯಲ್ಲಿ ಒಂದು ಕವಲು ಈಚೆಗೆ ಬಂದಿತ್ತು. ಆ ವರ್ಷವೇ ಅವರು ನೀರಿಲ್ಲದೆ ಬರುವ ಅಗ್ನಿಶಾಮಕ ಗಾಡಿಗಳ ಮೇಲೆ ಒಂದು ಸಂಪಾದಕೀಯ ಬರೆದು ಪ್ರಶಸ್ತಿ ಪಡೆದಿದ್ದರು. ಅದನ್ನು ಓದಿ ನಾನು ಬಹಳ ಮೆಚ್ಚಿಕೊಂಡಿದ್ದೆ, ಸ್ನಾನ ಮಾಡಿ ಬಂದು.

ಬಾಯಿ ತೆರೆದರೆ ಅವರು ತಮ್ಮ ಕುರ್ಚಿಯಲ್ಲೇ ಉಳಿಯುತ್ತಾರೆ. ನಾಲ್ಕು ಕಾಲೂ ಸಮವಿರುವ ಕುರ್ಚಿ. ಬಾಯಿ ಮುಚ್ಚಿದರೆ ಇಲ್ಲಿ ಬುಲ್ಡೋಜರ್.

ದೊಡ್ಡಮ್ಮ ಕೆರೆಯುತ್ತಲೇ ಇದ್ದಳು. ತಳದಲ್ಲಿ ಕೆರೆಯಲು ಏನೂ ಉಳಿದಿರಲಿಲ್ಲ.

"ಮುಂಚೆ ದೂರುಗಳನ್ನ ಬರ್ಕೊಡ್ತಿದ್ದೋರು ಯಾರು?" ಎಂದು ಕೇಳಿದೆ.

"ಅಂಚೆ ಕಚೇರಿ ಮುಂದೆ ಕೂರೋ ಮುದುಕ. ಸ್ಪೆಲಿಂಗ್ ತಪ್ಪು ಅಂತಾರೆ."

"ಈ ಸಲ ನಾನೇ ಬರೀತೀನಿ."

ಡೆಡೆ ನನ್ನ ಮುಂದೆ ದೊಡ್ಡದೊಂದು ಮೀನು ಇಟ್ಟಳು. ದೊಡ್ಡಮ್ಮ ಅದರ ಪಕ್ಕ ಖಾರ ಬಡಿಸಿ, "ಮೊದಲು ತಿನ್ನು. ಹಸಿದು ಬರೆದ್ರೆ ಉದ್ದ ಆಗುತ್ತೆ" ಎಂದಳು.

ಆ ದೂರು ನಾನು ಬರೆದ ವರದಿಗಳಲ್ಲೆಲ್ಲ ಒಳ್ಳೆಯದು. ಒಂದು ಮಾತು ಹೆಚ್ಚಿಲ್ಲ, ಒಂದು ಊಹೆಯಿಲ್ಲ. ಕವಲು ಎಲ್ಲಿ ಒಡೆಯುತ್ತದೆ, ಹುಲ್ಲು ಎಷ್ಟು ಹಸಿರು, ಸಂಪಾದಕೀಯದಲ್ಲಿ ಏನಿತ್ತು, ಎಲ್ಲ ಇತ್ತು. ಆ ನೀರಿನಲ್ಲಿ ಸ್ನಾನ ಮಾಡಿದವರಲ್ಲಿ ಒಬ್ಬ ಪತ್ರಕರ್ತನೂ ಇದ್ದಾನೆಂದೂ ಬರೆದೆ. ದೊಡ್ಡಮ್ಮನ ನಿಯಮ ನಿಯಮವೇ.

"ಇವತ್ತು ಮಂಗಳವಾರ ಅಲ್ವಲ್ಲ?" ಅಂದಳು ಜಿಫಾ, ಮುದ್ರೆ ಒತ್ತುತ್ತ. ಓದಿ ನೋಡಿ ತುಟಿ ಕಚ್ಚಿದಳು. "ಭಾಷೆ ಚೆನ್ನಾಗಿದೆ. ಹಳಬರದ್ದು ಚಿಕ್ಕದಾಗಿರ್ತಿತ್ತು." ಆಮೇಲೆ ನನ್ನ ಕೈಗಳನ್ನು ನೋಡಿದಳು. ನಾನು ಕೆಂಕೆಯ ಪೊಟ್ಟಣವನ್ನು ಮೇಜಿನ ಮೂಲೆಯಲ್ಲಿಟ್ಟೆ.

*

ಎರಡು ವಾರದ ಗಡುವು ಮುಗಿಯುವ ಮೊದಲೇ ಬ್ಲಾಂಕ್ಸನ್ 'ಸ್ವಂತ ಕಾರಣಗಳಿಂದ' ಹಿಂದೆ ಸರಿದರು. ಹೊಸ ಸೂಟು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ದೂರು ಬಂದಿದೆ ಎಂದಷ್ಟೇ ಅವರಿಗೆ ತಿಳಿಸಿದ್ದರು. ದೂರಿನಲ್ಲಿ ಏನಿದೆಯೆಂದು ಹೇಳಬೇಕಾದವರು ಮುಖ್ಯಸ್ಥರು.

"ನನ್ನ ಮೇಲೆ ಏನಿರಬಹುದು ಆಯಿಕ್ವೆ? ನನ್ನ ಬಾಳಲ್ಲಿ ಮುಚ್ಚುಮರೆ ಅನ್ನೋದೇ ಇಲ್ಲ." ಎದ್ದು ಬಾಗಿಲು ಮುಚ್ಚಿದರು. "ತಮ್ಮನ ಪಾಸ್‌ಪೋರ್ಟ್ ವಿಷಯ ಇರಬಹುದಾ?"

"ಇರಲಿಕ್ಕಿಲ್ಲ ಸಾರ್."

"ಬಂದರಿನಲ್ಲಿ ಆ ಕಾರು ಬಿಡಿಸ್ಕೊಂಡಿದ್ದು? ಅದು ಬಹಳ ಹಳೇದು. ಅಥವಾ ಮಗಳ ಸ್ಕಾಲರ್‌ಶಿಪ್..."

ಹೀಗೆ ಒಂದೊಂದನ್ನೇ ಹೊರಗೆ ತೆಗೆದಿಟ್ಟು, ಇದಲ್ಲ ಎಂದು ಸಮಾಧಾನ ಮಾಡಿಕೊಂಡು, ಒಳಗಿಟ್ಟರು. ನೀರಿನ ಮಾತೇ ಬರಲಿಲ್ಲ. ಅದು ತಪ್ಪೆಂದು ಅವರಿಗೆ ಎಂದೂ ಅನ್ನಿಸಿರಲಿಲ್ಲವೆಂದು ಕಾಣುತ್ತದೆ.

"ಆ ಗುಮಾಸ್ತೆಯನ್ನ ಕೇಳು."

"ಕೇಳಿದೆ. ಬಾಯಿ ಬಿಡ್ತಿಲ್ಲ."

"ಹಾಗಾದ್ರೆ ಹುಡುಕು! ದೂರು ಕೊಟ್ಟೋರು ಯಾರು, ಅವರ ಹಿಂದೆ ಯಾರು. ಎಷ್ಟು ತಿಂಗಳಾದ್ರೂ ಸರಿ. ಹುಡುಕಿದ ದಿನ..." ಅವರು ಸುದ್ದಿ ಸಂಪಾದಕನ ಕುರ್ಚಿಯಿದ್ದ ಕಡೆ ಕೈ ತೋರಿಸಿದರು. ಗಿಡ್ಡ ಕಾಲಿನ ಕೆಳಗೆ ಯಾರೋ ಹಳೇ ಪತ್ರಿಕೆ ಮಡಿಸಿ ಇಟ್ಟಿದ್ದರು. ನನ್ನ ವರದಿ ಬಂದಿದ್ದ ಸಂಚಿಕೆ.

"ಆಗಲಿ ಸಾರ್. ಸ್ವಲ್ಪ ತಡ ಆಗಬಹುದು."

"ಇದೇನದು ನಿನ್ನ ಕೈಲಿ?"

"ನಮ್ಮ ದೊಡ್ಡಮ್ಮ ಕೊಟ್ಟು ಕಳಿಸಿದ್ಳು. ನಿಮಗೆ ಹೀಗಾಯ್ತಲ್ಲ ಅಂತ ಬೇಜಾರು ಮಾಡ್ಕೊಂಡ್ಳು. ಬರಿಗೈಲಿ ಹೋಗ್ಬೇಡ ಅಂದ್ಳು."

"ಗಾ ಕೆಂಕೆ!" ಎಂದು ಮೂಗು ಮುರಿದರು. ಆದರೆ ಬೆಳಿಗ್ಗೆಯಿಂದ ಅವರು ಏನೂ ತಿಂದಿರಲಿಲ್ಲ. ಒಂದನ್ನು ಎತ್ತಿಕೊಂಡು, ತುದಿ ಎಲ್ಲಿದೆಯೆಂದು ಹುಡುಕಿ, ಮೂರು ಮಡಿಕೆಯ ಗುಳಿಯಲ್ಲಿ ಹೆಬ್ಬೆರಳು ಹಾಕಿ ಕಿತ್ತರು. ಸಿಪ್ಪೆ ಸಲೀಸಾಗಿ ಬಿಚ್ಚಿಕೊಳ್ಳಲಿಲ್ಲ.

"ಏನು ಕಟ್ಟಿದಾಳಯ್ಯಾ ನಿಮ್ಮ ದೊಡ್ಡಮ್ಮ, ಜೈಲು ಬಾಗಿಲು ಕಟ್ಟಿದಂಗೆ" ಎಂದು ಹಲ್ಲಿನಿಂದ ಹರಿದು, ಸಿಪ್ಪೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದರು. ಒಂದು ತುಂಡು ಮುರಿದು ಖಾರಕ್ಕೆ ಅದ್ದಿ ಬಾಯಿಗಿಟ್ಟುಕೊಂಡರು. ತುಸು ಹೊತ್ತು ಅಗಿದರು.

"ಪರವಾಗಿಲ್ಲ" ಅಂದರು. "ಇದನ್ನ ಎಲ್ಲಿ ಮಾರ್ತಾಳೆ?"